ಒಂದೇ ಚಾಪೆಯ ಮೇಲೆ ಬಿಚ್ಚಿದ ಎರಡು ಕೋವಿ

ಅಪ್ಪಯ್ಯನ ರೈಫಲ್ಲಿಗೆ ನಮ್ಮ ಮನೆಯಲ್ಲಿ ಅವರೊಬ್ಬರನ್ನು ಬಿಟ್ಟು ಬೇರೆ ಯಾರೂ ಕೈ ಹಚ್ಚುವ ಹಾಗಿರಲಿಲ್ಲ. ಅಮ್ಮ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. ಈ ವರ್ಷ ಅಪ್ಪಯ್ಯನ ಎರಡೂ ಕಣ್ಣಿಗೆ ಪೊರೆ ಬಂತು, ಅದೇ ಹೊತ್ತಿಗೆ ಕೋವಿಯ ಲೈಸೆನ್ಸ್ ನವೀಕರಣವೂ ಬಂತು. ಹಾಗಾಗಿ ಸವತಿಯ ಸೇವೆ ನನ್ನ ಪಾಲಿಗೆ ಬಿತ್ತು.

ನಾನು ರಿಪ್ಪನ್‌ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಹೊಲಿಗೆ ಯಂತ್ರ ಕೆಟ್ಟರೆ ರಿಪೇರಿಯವನಿಗಾಗಿ ಕಾದು ಕೂರುವ ತಾಳ್ಮೆ ನನಗಿಲ್ಲ. ಬಿಚ್ಚುತ್ತೇನೆ, ಬೈಯುತ್ತೇನೆ, ಜೋಡಿಸುತ್ತೇನೆ. ತವರಿನಲ್ಲಿ ಅಣ್ಣನಿದ್ದಾನೆ, ಟ್ರ್ಯಾಕ್ಟರಿನ ಇಂಜಿನ್ನೇ ಇಳಿಸಿ ಕೂರಿಸುವ ಗಂಡಸು. ಆದರೆ ಕೋವಿ ಕಂಡರೆ ಮಾತ್ರ ಅವನಿಗೆ ತೋಟದಲ್ಲಿ ಏನೋ ಕೆಲಸ ನೆನಪಾಗುತ್ತದೆ. ಅದಕ್ಕೇ ಅಪ್ಪಯ್ಯ ನನಗೆ ಫೋನ್ ಮಾಡಿ, "ನಾಡಿದ್ದು ಠಾಣೆಗೆ ಕೋವಿ ತೋರ್ಸಕ್ಕೆ ಹೋಗ್ಬೇಕು. ಬಂದು ಸ್ವಲ್ಪ ಕೈ ಹಾಕ್ತೀಯನೇ?" ಎಂದರು. ಜನ್ಮದಲ್ಲಿ ಮೊದಲ ಬಾರಿ ಅವರು ನನ್ನನ್ನು ಕೇಳಿಕೊಂಡದ್ದು. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ.

ಆ ರೈಫಲ್ಲಿನ ಕಥೆಯನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮದು ಗೇಣಿ ಮಾಡುತ್ತಿದ್ದ ಮನೆ. ಆಗೆಲ್ಲ ಕೋವಿ ಎಂದರೆ ಒಡೆಯರ ಮನೆಯ ಗೋಡೆಯಲ್ಲಿ ತೂಗುವ ವಸ್ತು. ಉಳುವವನೇ ಒಡೆಯ ಎಂಬ ಕಾಯ್ದೆ ಬಂದು ಜಮೀನು ನಮ್ಮ ಹೆಸರಿಗಾದ ಮೇಲೆ ಅಪ್ಪಯ್ಯ ತಮ್ಮ ಹೆಸರಿನಲ್ಲಿ ಮಾಡಿಸಿದ ಎರಡನೆಯ ಕಾಗದ ಕೋವಿಯದ್ದು. ತೀರ್ಥಹಳ್ಳಿ ಕಡೆಯ ಎಸ್ಟೇಟೊಂದರ ಯಜಮಾನರು ಊರು ಬಿಟ್ಟು ಹೋಗುವಾಗ ಒಂದೇ ಕಂಪನಿಯ ಎರಡು ರೈಫಲ್ ಮಾರಿದರು. ಒಂದನ್ನು ಅಪ್ಪಯ್ಯ ಕೊಂಡರು, ಇನ್ನೊಂದನ್ನು ಅವರ ಜೀವದ ಗೆಳೆಯ ಕೊಂಡರು. ಅವರು ನಮಗೆ ನೆಂಟರೇನಲ್ಲ, ಆದರೆ ನಾನು ಹುಟ್ಟಿದಾಗಿನಿಂದ ಚಿಕ್ಕಪ್ಪ ಎಂದೇ ಕರೆದದ್ದು. ಮನೆ ಮಾಸ್ತಿಕಟ್ಟೆ ಕಡೆ. ಒಂದು ಗುಂಡು ಹಾರಿದರೆ ಮುಂದಿನದು ತಾನಾಗಿಯೇ ಮೇಲೆ ಬಂದು ಕೂರುವಂಥ ಕೋವಿ ಅದು. ಕೇಪಿನ ಕೋವಿಯ ಬಾಯಿಗೆ ಮದ್ದಿನ ಮಸಿ ತುಂಬಿ ಗುದ್ದುತ್ತಾ ಕೂತಿದ್ದ ಊರಿನವರ ಎದುರು ಇಬ್ಬರೂ ಬಹಳ ಮೆರೆದರಂತೆ. ಅದರಲ್ಲಿ ಸತ್ತ ಹಂದಿ ಎಷ್ಟು ಎಂದು ಕೇಳಬೇಡಿ, ಗದ್ದೆಗೆ ಬಂದ ಹಂದಿ ಬೆದರಿ ಓಡಿದರೆ ಸಾಕು ಎನ್ನುವುದು ಅಪ್ಪಯ್ಯನ ಲೆಕ್ಕ.

ಪ್ರತಿ ವರ್ಷ ಆಯುಧಪೂಜೆಯ ಬೆಳಿಗ್ಗೆ ಚಿಕ್ಕಪ್ಪ ತಮ್ಮ ಕೋವಿಯೊಂದಿಗೆ ನಮ್ಮ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಒಂದೇ ಚಾಪೆ ಹಾಸಿ, ಎರಡೂ ಕೋವಿ ಬಿಚ್ಚಿ, ಒರೆಸಿ, ಜೋಡಿಸಿ, ಕುಂಕುಮ ಇಟ್ಟು, ಹೋಳಿಗೆ ಉಂಡು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಅದು ನಿಂತಿತು. ಕಾರಣ ಕೇಳಿದರೆ ನಗುತ್ತೀರಿ: ಎಣ್ಣೆ. ಚಿಕ್ಕಪ್ಪ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವವರು. ನಮ್ಮ ಕಡೆ ಮಾರ್ಗಶಿರದ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಕೋವಿಯ ಒಳಗೆ ಬಿಟ್ಟೀತೇ? ಅಪ್ಪಯ್ಯ ನನ್ನ ಅಂಗಡಿಯ ಮಿಷನ್ ಎಣ್ಣೆಯ ಭಕ್ತರು. ಆ ವರ್ಷ ಚಾಪೆಯ ಮೇಲೆ ಮಾತಿಗೆ ಮಾತು ಬೆಳೆದು, "ತಲೆಗೆ ಹಚ್ಚಿ ಉಳಿದಿದ್ದನ್ನ ಕೋವಿಗೆ ಹಚ್ಚೋನು ನೀನು" ಎಂದು ಅಪ್ಪಯ್ಯ, "ಎಣ್ಣೆ ಯಾವ್ದಾದ್ರೂ ಎಂತ, ನಿನ್ನ ಕೋವಿ ಎರಡನೇ ಗುಂಡಿಗೆ ಸಿಕ್ಕಾಕ್ಕೊಳ್ಳೋದು ತಪ್ಪಿಲ್ವಲ್ಲ" ಎಂದು ಚಿಕ್ಕಪ್ಪ. ಆ ಮಾತು ನಿಜವಾಗಿದ್ದರಿಂದ ಅಪ್ಪಯ್ಯನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇಬ್ಬರೂ ತಂತಮ್ಮ ಕೋವಿಯನ್ನು ದಡಬಡ ಜೋಡಿಸಿದರು. ಚಿಕ್ಕಪ್ಪ ಹೋಳಿಗೆ ಮುಟ್ಟದೆ ಹೊರಟುಹೋದರು. ಆಮೇಲೆ ಮಾತಿಲ್ಲ, ಕಥೆಯಿಲ್ಲ.

ವಿಚಿತ್ರವೆಂದರೆ, ಅಂದಿನಿಂದ ಅಪ್ಪಯ್ಯನ ಕೋವಿ ಸಿಕ್ಕಿಹಾಕಿಕೊಳ್ಳುವುದನ್ನೇ ಬಿಟ್ಟಿತು. ಅಪ್ಪಯ್ಯನ ಜಂಬ ಕೇಳಬೇಕೆ! ಅಡಿಕೆ ಮಂಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕೊನೆಗೆ ಒಂದು ವೈಕುಂಠ ಸಮಾರಾಧನೆಯಲ್ಲೂ ಮಿಷನ್ ಎಣ್ಣೆಯ ಮಹಾತ್ಮೆ ಹೇಳಿದರು. ಚಿಕ್ಕಪ್ಪನ ಕೋವಿ ಈಗ ಗುಂಡಿಗೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆಂದು ಯಾರೋ ಸುದ್ದಿ ತಂದಾಗ, "ಇನ್ನೂ ಹಚ್ಚು ಅನ್ನಿ ಕೊಬ್ಬರಿ ಎಣ್ಣೆ" ಎಂದು ನಕ್ಕಿದ್ದರು. ನಕ್ಕ ದಿನ ರಾತ್ರಿ ಮಾತ್ರ ಸರಿಯಾಗಿ ಊಟ ಮಾಡಲಿಲ್ಲವೆಂದು ಅಮ್ಮ ನನಗೆ ಗುಟ್ಟಾಗಿ ಹೇಳಿದ್ದಳು.

ಈಗ ಜಗಲಿಯಲ್ಲಿ ಚಾಪೆ ಹಾಸಿ ನಾನು ಕೂತೆ. ಅಪ್ಪಯ್ಯ ಎದುರಿಗೆ ಸ್ಟೂಲ್ ಹಾಕಿಕೊಂಡು ಮೇಷ್ಟ್ರಾದರು.

"ಮೊದ್ಲು ಎಂತ ಮಾಡ್ಬೇಕು?"

"ಬಿಚ್ಬೇಕು."

"ಮಣ್ಣು! ಮೊದ್ಲು ಖಾಲಿ ಇದ್ಯಾ ನೋಡ್ಬೇಕು. ನೋಡಿದ್ಮೇಲೆ ಇನ್ನೊಂದ್ಸಲ ನೋಡ್ಬೇಕು. ಬೆಳಕಿಗೆ ಹಿಡಿದು ಮತ್ತೆ ನೋಡ್ಬೇಕು."

ನೋಡಿದೆ. ಮ್ಯಾಗಜಿನ್ ತೆಗೆದು ಪಕ್ಕಕ್ಕಿಟ್ಟೆ. ತಿರುಪು ಸಡಿಲಿಸಿ ಮರದ ಹಿಡಿಯನ್ನು ಬೇರೆ ಮಾಡಿದೆ. ಆಮೇಲೆ ಎರಡು ಪಿನ್ನು, ಅದರ ಹಿಂದೆ ಒಂದು ಉದ್ದನೆಯ ಸ್ಪ್ರಿಂಗು. ಅದನ್ನು ಅಂಗೈಯಲ್ಲಿ ಅದುಮಿ ಹಿಡಿದೇ ತೆಗೆಯಬೇಕು. ಇಲ್ಲದಿದ್ದರೆ ಅಂಗಳ ದಾಟಿ ಕೊಟ್ಟಿಗೆಯಲ್ಲೇ ಹುಡುಕಬೇಕು. ಕೊನೆಗೆ ಬೋಲ್ಟು ಹೊರಗೆ ಬಂತು. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಉಕ್ಕಿನ ತುಂಡು. ಹಿಂದಕ್ಕೂ ಮುಂದಕ್ಕೂ ಓಡಾಡಿ ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ಒಳಗೆ ತಳ್ಳುವ ಕೆಲಸ ಅದರದ್ದೇ. ಅದರ ಮೂತಿಯಲ್ಲಿ ಒಂದು ಪುಟ್ಟ ಕೊಕ್ಕೆಯಿದೆ, ತೋಟಾದ ಅಂಚನ್ನು ಹಿಡಿದು ಎಳೆಯುವುದು ಅದು. ಕೊಕ್ಕೆ ಬಹಳ ಚೂಪಾಗಿತ್ತು. ಲೈನಿಂಗ್ ಬಟ್ಟೆಯ ಚೂರುಗಳನ್ನು ಸಲಾಕೆಗೆ ಸಿಕ್ಕಿಸಿ ನಳಿಗೆಯಲ್ಲಿ ಎಳೆದಾಡಿದೆ. ಮೊದಲು ಕಪ್ಪಗೆ ಬಂದದ್ದು ಆಮೇಲೆ ಬೂದಿ ಬಣ್ಣಕ್ಕೆ ತಿರುಗಿತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ಸಂದಿಗೊಂದಿಯನ್ನೆಲ್ಲ ತಿಕ್ಕಿದೆ. ಹಿಂದಿನ ಪೂಜೆಯ ಕುಂಕುಮ ಅಲ್ಲಿ ಕೆಸರಾಗಿ ಕೂತಿತ್ತು. ಖುಷಿಯಾಗುತ್ತಿತ್ತು ನನಗೆ. ಇಂಥ ಕೆಲಸವನ್ನು ಇಷ್ಟು ವರ್ಷ ಒಬ್ಬರೇ ಅನುಭವಿಸಿದರಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು.

ಬೋಲ್ಟು ಒರೆಸುವಾಗ ಅದರ ಹೊಟ್ಟೆಯ ಮೇಲೆ ನಂಬರು ಕಂಡಿತು. ನಳಿಗೆಯ ಬುಡದಲ್ಲೂ ಅದೇ ನಂಬರು ಇರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಎಲ್ಲ ಅಂಕೆಯೂ ಒಂದೇ, ಕೊನೆಯದು ಮಾತ್ರ ಬೇರೆ.

"ಅಪ್ಪಯ್ಯ, ಈ ಬೋಲ್ಟು ನಿಮ್ದಲ್ಲ."

"ಮತ್ಯಾರದ್ದು, ನಿಮ್ಮಜ್ಜಂದಾ?"

ಭೂತಗನ್ನಡಿ ತರಿಸಿದರು, ಬಿಸಿಲಿಗೆ ಹೋದರು, ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಅಂಕೆ ಬದಲಾಗಲಿಲ್ಲ. ಎಸ್ಟೇಟಿನ ಯಜಮಾನರು ಎರಡೂ ಕೋವಿಯನ್ನು ಒಟ್ಟಿಗೆ ತರಿಸಿದ್ದರಿಂದ ನಂಬರೂ ಒಂದರ ಪಕ್ಕ ಒಂದು. ಜಗಳದ ದಿನ ಸಿಟ್ಟಿನಲ್ಲಿ ಚಾಪೆಯ ಮೇಲಿನ ಬೋಲ್ಟು ಅದಲುಬದಲಾಗಿದೆ. ಅಪ್ಪಯ್ಯನಿಗೆ ಅದು ಹೊಳೆದ ಗಳಿಗೆ ನನಗೆ ಗೊತ್ತಾಯಿತು, ಯಾಕೆಂದರೆ ಅವರು ಸ್ಟೂಲಿನ ಮೇಲೆ ನಿಧಾನಕ್ಕೆ ಕೂತು ಭೂತಗನ್ನಡಿಯನ್ನು ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಮೂರು ವರ್ಷ ಮಿಷನ್ ಎಣ್ಣೆ, ಮಿಷನ್ ಎಣ್ಣೆ! ಅವ್ರ ಬೋಲ್ಟಲ್ಲಿ ಇವ್ರ ಮೆರವಣಿಗೆ" ಎಂದು ನಕ್ಕೇ ನಕ್ಕಳು.

ನಗು ಮುಗಿದ ಮೇಲೆ ಪೇಚಾಟ ಶುರುವಾಯಿತು. ಠಾಣೆಗೆ ಹೊಸದಾಗಿ ಬಂದಿರುವ ಸಾಹೇಬರು ಕೋವಿ ಬಿಚ್ಚಿಸಿ ಒಳಗಿನ ನಂಬರನ್ನೂ ತಾಳೆ ನೋಡುತ್ತಾರಂತೆ, ಹೊಂದದಿದ್ದರೆ ಅಲ್ಲೇ ಇಟ್ಟುಕೊಳ್ಳುತ್ತಾರಂತೆ ಎಂದು ಊರಿನಲ್ಲಿ ಸುದ್ದಿ ಹರಡಿತ್ತು. ಗೆಳೆಯನ ಮನೆಗೆ ಹೋಗಬೇಕು, ಇಲ್ಲವೇ ಕೋವಿ ಬಿಡಬೇಕು.

"ನೀನು ಫೋನ್ ಮಾಡು" ಎಂದರು.

"ನಿಮ್ಮ ಗೆಳೆಯ, ನೀವೇ ಮಾಡಿ."

"ಹಾಗಾದ್ರೆ ಕೋವಿನೇ ಬೇಡ. ಸರೆಂಡರ್ ಮಾಡ್ತೀನಿ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು, ಅಷ್ಟೇ. ನನಗೂ ಸಿಟ್ಟು ನೆತ್ತಿಗೇರಿತು. ಯಾರ ಮಗಳು ನಾನು? "ಮಾಡಿ. ತನ್ನ ಹೆಸರಲ್ಲಿ ಬಂದ ಕೋವಿಯನ್ನ ಎಣ್ಣೆ ಜಗಳಕ್ಕೆ ಬಿಟ್ಟುಕೊಟ್ಟ ಅಂತ ಊರೆಲ್ಲ ಹೇಳ್ಲಿ" ಎಂದೆ. ಅದು ಸ್ವಲ್ಪ ಜೋರಾಯಿತು. ಅಪ್ಪಯ್ಯ ಬೋಲ್ಟನ್ನು ಕೈಯಲ್ಲಿ ತಿರುಗಿಸುತ್ತಾ, "ಗೇಟ್ ತೆಗೀದೆ ಇದ್ರೆ ಎಂತ ಮಾಡೋದೆ?" ಎಂದರು. ಆಗ ತಿಳಿಯಿತು ನನಗೆ, ಅವರಿಗಿದ್ದದ್ದು ಠಾಣೆಯ ಹೆದರಿಕೆಯಲ್ಲ ಎಂದು.

ಮರುದಿನ ಅಣ್ಣನ ಓಮ್ನಿಯನ್ನು ನಾನೇ ಓಡಿಸಿದೆ. ನಾನೇ ಹೊಲಿದುಕೊಟ್ಟಿದ್ದ ಕ್ಯಾನ್ವಾಸ್ ಚೀಲದಲ್ಲಿ ಕೋವಿ ಮಲಗಿತ್ತು, ಲೈಸೆನ್ಸ್ ಪುಸ್ತಕ ಅಪ್ಪಯ್ಯನ ಜೇಬಿನಲ್ಲಿತ್ತು. ಹೊಸನಗರ ದಾಟಿ ಮಾಸ್ತಿಕಟ್ಟೆಯ ದಾರಿ ಹಿಡಿಯುವವರೆಗೆ ಅವರು ರಸ್ತೆಯ ಹೊಂಡಗಳನ್ನು ಬೈದರು, ಆಮೇಲೆ ಹೊಂಡವಿದ್ದರೂ ಬೈಯಲಿಲ್ಲ.

ಗೇಟು ತೆರೆದೇ ಇತ್ತು. ಚಿಕ್ಕಪ್ಪ ಜಗಲಿಯಲ್ಲಿದ್ದರು. "ಬಾ ತಂಗಿ" ಎಂದರು ನನಗೆ. ಅಪ್ಪಯ್ಯನ ಕಡೆ ನೋಡಲಿಲ್ಲ. ಚಿಕ್ಕಮ್ಮ ಚಹಾ ತಂದರು.

"ನಿಮ್ಮಪ್ಪಯ್ಯಂಗೆ ಸಕ್ಕರೆ ಆಗ್ತದಾ ಕೇಳು" ಎಂದು ಚಿಕ್ಕಪ್ಪ ನನಗೆ.

"ಆಗ್ತದೆ ಅಂತ ಹೇಳು" ಎಂದು ಅಪ್ಪಯ್ಯ ನನಗೆ.

ಇಬ್ಬರ ನಡುವೆ ಒಂದು ಮೊಳದ ಅಂತರ. ನಾನು ಪೋಸ್ಟ್‌ಮ್ಯಾನ್. ನನಗೆ ರೇಗಿಹೋಗಿ, ಚಹಾದ ಲೋಟ ಕೆಳಗಿಟ್ಟು, "ಚಿಕ್ಕಪ್ಪ, ನಿಮ್ಮ ಬೋಲ್ಟು ನಮ್ಮ ಕೋವಿಲಿದೆ. ನಮ್ದು ನಿಮ್ಮಲ್ಲಿ. ಚಾಪೆ ಹಾಸಿ" ಎಂದುಬಿಟ್ಟೆ.

ಚಿಕ್ಕಪ್ಪ ಎದ್ದು ಒಳಗೆ ಹೋಗಿ ತಮ್ಮ ಕೋವಿ ತಂದರು. ಆಶ್ಚರ್ಯವನ್ನೇ ಪಡಲಿಲ್ಲ. ಖಾಲಿಯೇ ಎಂದು ಅಪ್ಪಯ್ಯ ನೋಡಿದರು, ಚಿಕ್ಕಪ್ಪ ನೋಡಿದರು, ಆಮೇಲೆ ನಾನು ಬಿಚ್ಚಿದೆ. ಎರಡು ಬೋಲ್ಟುಗಳನ್ನು ಅಕ್ಕಪಕ್ಕ ಇಟ್ಟಾಗ ಹೇಳುವುದೇ ಬೇಡವಾಯಿತು. ಅಪ್ಪಯ್ಯನದರ ಕೊಕ್ಕೆ ಸವೆದು ಮೊಂಡಾಗಿತ್ತು, ಹಲ್ಲು ಬಿದ್ದ ಮುದುಕನ ಬಾಯಿಯ ಹಾಗೆ. ಇಷ್ಟು ವರ್ಷ ತೋಟಾ ಸಿಕ್ಕಿಹಾಕಿಕೊಂಡದ್ದು ಅದರಿಂದ. ಎಣ್ಣೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

"ನಿಂಗೆ ಗೊತ್ತಿತ್ತಾ?" ಅಪ್ಪಯ್ಯ ಕೇಳಿದರು, ಈ ಸಲ ನನ್ನನ್ನಲ್ಲ.

"ಗೊತ್ತಾಗ್ದೆ ಎಂತ. ಆ ವಾರವೇ ಗೊತ್ತಾಯ್ತು. ಪ್ರತಿ ತೋಟಾನೂ ಕಡ್ಡಿ ಹಾಕಿ ಎಬ್ಬಿಸ್ತಾ ಇದೀನಿ."

"ಮತ್ತೆ ಹೇಳ್ಬಾರ್ದಾ ಮಾರಾಯ? ನಾನು ಊರ್ತುಂಬ ನಿನ್ನ ಎಣ್ಣೆ ಹೆಸ್ರಲ್ಲಿ ನಗಾಡ್ತಾ ಇದ್ದೆ."

"ಕೇಳ್ದೆ, ಎಲ್ಲಾ ಕೇಳ್ದೆ." ಚಿಕ್ಕಪ್ಪ ಬೋಲ್ಟನ್ನು ಕೈಗೆತ್ತಿಕೊಂಡರು. "ಹೇಳಿದ್ರೆ ನೀನು ಎಂತ ಮಾಡ್ತಿದ್ದೆ? ಪೇಪರಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿ ಕೈ ತೊಳ್ಕೊಳ್ತಿದ್ದೆ. ಬೋಲ್ಟು ಬರ್ತಿತ್ತು. ನೀನು ಬರ್ತಿರ್ಲಿಲ್ಲ."

ಅಪ್ಪಯ್ಯ ಪೊರೆ ಬಂದ ಕಣ್ಣು ಒರೆಸಿಕೊಳ್ಳುತ್ತಾ, "ನಾನು ಮೊದಲ್ನೇ ವರ್ಷವೇ ಬರ್ಬೇಕಿತ್ತು ಕಣೋ" ಎಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಸ್ಪ್ರಿಂಗಿನ ಮೇಲಿದ್ದ ಹಿಡಿತ ಸಡಿಲಾಗಿ ಅದು ಟಣ್ಣನೆ ಹಾರಿ ಚಿಕ್ಕಮ್ಮನ ತುಳಸಿಕಟ್ಟೆಯ ಹಿಂದೆ ಬಿತ್ತು. ಒಬ್ಬರ ಕಣ್ಣಿಗೆ ಪೊರೆ, ಇನ್ನೊಬ್ಬರಿಗೆ ಮಂಡಿ ನೋವು. ಇಬ್ಬರೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಹುಡುಕುವುದು ಹೀಗಲ್ಲ ಹಾಗೆ ಎಂದು ಜಗಳವಾಡುತ್ತಾ ಹುಡುಕಿದರು. ಸಿಕ್ಕಿದ್ದು ನನಗೆ. ಆದರೂ ಸ್ವಲ್ಪ ಹೊತ್ತು ಹೇಳಲಿಲ್ಲ.

ಅವರವರ ಬೋಲ್ಟನ್ನು ಅವರವರ ಕೋವಿಗೆ ಕೂರಿಸಿ ಜೋಡಿಸಿದೆ. ಊಟ ಮಾಡಿಸದೆ ಚಿಕ್ಕಮ್ಮ ಬಿಡಲಿಲ್ಲ. ಸಂಜೆ ಮನೆಗೆ ಬಂದು, ಮರುದಿನ ಬೆಳಿಗ್ಗೆ ಠಾಣೆಗೆ ಹೋದೆವು. ಸಾಹೇಬರು ಲೈಸೆನ್ಸ್ ಪುಸ್ತಕ ನೋಡಿದರು, ನಳಿಗೆಯ ಹೊರಗಿನ ನಂಬರು ನೋಡಿದರು, "ಚೆನ್ನಾಗಿ ಇಟ್ಕೊಂಡಿದೀರಿ ಯಜಮಾನ್ರೆ, ಹೋಗಿ ಬನ್ನಿ" ಎಂದರು. ಅಷ್ಟೇ. ಬಿಚ್ಚಿಸಲೂ ಇಲ್ಲ, ಬೋಲ್ಟಿನ ಸುದ್ದಿಗೇ ಹೋಗಲಿಲ್ಲ.

ಹೊರಗೆ ಬಂದು ಓಮ್ನಿಯಲ್ಲಿ ಕೂತ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ. "ಸುಮ್ನೆ ಅಷ್ಟು ದೂರ ಹೋಗಿ ಬಂದ್ವಲ್ಲ ಅಪ್ಪಯ್ಯ! ಒಳ್ಳೇ ಬೋಲ್ಟನ್ನೂ ಕೊಟ್ಟು ಬಂದ್ವಿ."

ಅಪ್ಪಯ್ಯ ನಗಲಿಲ್ಲ. ಕ್ಯಾನ್ವಾಸ್ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಅವ್ರು ಒಳಗಿನ ನಂಬರು ನೋಡೋದಿಲ್ಲ ಅಂತ ಮೊದ್ಲೇ ಗೊತ್ತಿದ್ದಿದ್ರೆ ನಾನು ಅವನ ಮನೆಗೆ ಹೋಗ್ತಾನೇ ಇರ್ಲಿಲ್ಲ ಕಣೇ" ಎಂದರು. ಅವರ ದನಿಯಲ್ಲಿ ನಿಜವಾದ ಹೆದರಿಕೆಯಿತ್ತು. ನಾನು ನಗು ನಿಲ್ಲಿಸಿ ಗಾಡಿ ಸ್ಟಾರ್ಟ್ ಮಾಡಿದೆ.