ಹನ್ನೆರಡನೆಯವನ ಕಾಲು

ನಮ್ಮ ಊರಿನಲ್ಲಿ ಚರ್ಚ್ ಕಟ್ಟಡ ಇಲ್ಲ, ಆಗಲೂ ಇರಲಿಲ್ಲ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ತಿರುಗಿದರೆ ಸಿಗುವ ಊರು ಅದು. ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಭಾನುವಾರದ ಪೂಜೆಗೆ ಪೇಟೆಗೆ ಹೋಗಬೇಕು. ಶಾಲೆಗೆ ರಜೆಯಾದ್ದರಿಂದ ಆ ದಿನ ಬೆಳಗಿನ ಬಸ್ಸು ಬರುವುದಿಲ್ಲ. ಎಲ್ಲರೂ ಸೇರಿ ಜೀಪು ಮಾಡಿಕೊಂಡು ಹೋಗುವುದು ರೂಢಿ.

ನನ್ನ ಚಿಕ್ಕಮ್ಮ ಎಸ್ಟೇಟ್ ಆಸ್ಪತ್ರೆಯೊಂದರಲ್ಲಿ ಆಯಾ ಆಗಿ ದುಡಿದು ನಿವೃತ್ತರಾದವರು. ಮಂಡಿ ನೋವು ಹೆಚ್ಚಿದ ಮೇಲೆ ಅವರಿಗೆ ಜೀಪು ಹತ್ತಲು ಆಗಲಿಲ್ಲ. ಪೂಜೆ ಇಲ್ಲದೆ ಎರಡು ಮಳೆಗಾಲ ಕಳೆದವು. ಆಮೇಲೆ ಅವರು ಭಾನುವಾರ ಸಂಜೆ ತಮ್ಮ ಜಗಲಿಯಲ್ಲಿ ಪ್ರಾರ್ಥನೆ ಶುರು ಮಾಡಿದರು. ಅದಕ್ಕೂ ಅವರಿಗೆ ಕ್ರಮ ಬೇಕು. ಆ ಭಾನುವಾರಕ್ಕೆ ನಿಗದಿಯಾದ ಬೈಬಲ್ ವಾಚನವನ್ನೇ ಓದಬೇಕು. ಮೇಜಿನ ಮೇಲೆ ಆ ಕಾಲಕ್ಕೆ ಹೊಂದುವ ಬಣ್ಣದ ಬಟ್ಟೆಯನ್ನೇ ಹಾಸಬೇಕು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನೇರಳೆಗೂ ಸಾಧಾರಣ ಕಾಲದ ಹಸಿರಿಗೂ ತಮ್ಮ ಸೀರೆಗಳನ್ನೇ ಕತ್ತರಿಸಿ ಹೊಲಿದರು. ಜಗಲಿ ಸಾಲದಾದಾಗ ಪಕ್ಕದ ಗೌಡರು ತಮ್ಮ ಕಾಫಿ ಕಣದ ಶೆಡ್ಡನ್ನು ಬಿಟ್ಟುಕೊಟ್ಟರು. ಕಾಫಿ ಮೂಟೆಗಳು ಮಾರಾಟವಾದ ಮೇಲೆ ಮುಂದಿನ ಕೊಯ್ಲಿನವರೆಗೆ ಅದು ಖಾಲಿ ಇರುತ್ತಿತ್ತು.

ಆಗ ನಾನು ಕೊಪ್ಪದಲ್ಲಿದ್ದುಕೊಂಡು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಊರಿಗೆ ಹೋದಾಗಲೆಲ್ಲ ಚಿಕ್ಕಮ್ಮನ ಮಾತು ಒಂದೇ: ತಿಂಗಳಿಗೊಮ್ಮೆಯಾದರೂ ಶೆಡ್ಡಿನಲ್ಲಿ ಪೂಜೆ ಆಗಬೇಕು. ಪ್ರಾರ್ಥನೆಯನ್ನು ಯಾರೂ ಮಾಡಬಹುದು, ಪೂಜೆಗೆ ಗುರುಗಳೇ ಬೇಕು. ಪೇಟೆಯ ಚರ್ಚಿನ ಫಾದರ್‌ಗೆ ವಯಸ್ಸಾಗಿತ್ತು. ಮನೆ ಆಶೀರ್ವಾದಕ್ಕೋ ಕಾಯಿಲೆಯವರನ್ನು ನೋಡುವುದಕ್ಕೋ ಅವರು ಬಂದಾಗ ಒಂದು ಕಂದು ಬಣ್ಣದ ಪೆಟ್ಟಿಗೆ ಜೊತೆಗಿರುತ್ತಿತ್ತು. ಪೂಜೆಯ ಪಾತ್ರೆ, ಪುಸ್ತಕ, ಪೀಠದ ಬಟ್ಟೆ, ಮೇಣದಬತ್ತಿಯ ಕಂಬಗಳು ಎಲ್ಲವೂ ಅದರಲ್ಲಿ. ಕೆಲಸ ಮುಗಿದ ಮೇಲೆ ಪೆಟ್ಟಿಗೆ ಅವರ ಜೊತೆಗೇ ವಾಪಸಾಗುತ್ತಿತ್ತು. ಚಿಕ್ಕಮ್ಮ ಅದು ಜೀಪಿನೊಳಗೆ ಹೋಗುವುದನ್ನೇ ನೋಡುತ್ತ ನಿಲ್ಲುತ್ತಿದ್ದರು.

ಒಂದು ವರ್ಷ ಈಸ್ಟರ್‌ಗೆ ಮುಂಚೆ ಫಾದರ್ ತಾವಾಗಿಯೇ ಒಂದು ಮಾತು ಹೇಳಿದರು. ಪವಿತ್ರ ಗುರುವಾರದ ಸಂಜೆಯ ಪೂಜೆಯನ್ನು ಪೇಟೆಯಲ್ಲಿ ಸಹಾಯಕ ಗುರುಗಳು ನಡೆಸುತ್ತಾರೆ. ಮೇಲಿನವರ ಅನುಮತಿ ಸಿಕ್ಕಿದೆ, ನಾನು ಶೆಡ್ಡಿಗೆ ಬರುತ್ತೇನೆ. ವಾಚನ, ಹಾಡು, ಪಾದ ತೊಳೆಯುವ ವಿಧಿ, ಎಲ್ಲವನ್ನೂ ಊರಿನವರೇ ಸಿದ್ಧ ಮಾಡಬೇಕು. ತಿಂಗಳ ಪೂಜೆಯ ವಿಷಯ ಆಮೇಲೆ ನೋಡೋಣ. ತಾಲ್ಲೂಕು ಕಚೇರಿಯಲ್ಲಿ 'ನೋಡೋಣ' ಎಂದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಫಾದರ್ ಬಾಯಲ್ಲಿ ಅದರ ಅರ್ಥ ಏನೆಂದು ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಗುರುವಾರ ಸರಿಯಾಗಿ ನಡೆದರೆ ತಿಂಗಳ ಪೂಜೆ ಉಂಟು, ಇಲ್ಲದಿದ್ದರೆ ಇಲ್ಲ.

ಶಿಲುಬೆಗೇರುವ ಹಿಂದಿನ ರಾತ್ರಿ, ಕೊನೆಯ ಭೋಜನದ ಹೊತ್ತಿನಲ್ಲಿ ಯೇಸು ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ಆ ದಿನ ಪೂಜೆಯ ನಡುವೆ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ. ನಮ್ಮ ಊರಿನಲ್ಲಿ ಹುಡುಕಿದಾಗ ಹತ್ತು ಗಂಡಸರು ಸಿಕ್ಕಿದರು. ನಾನು ಒಂದು ಮೂಲೆಯಲ್ಲಿ ನಿಂತು ನೋಡುವ ಅಂದಾಜಿನಲ್ಲಿದ್ದೆ. ಚಿಕ್ಕಮ್ಮ ನನ್ನನ್ನು ಹನ್ನೊಂದನೆಯವನನ್ನಾಗಿ ಸೇರಿಸಿಕೊಂಡರು. ವಾಚನಕ್ಕೆಂದು ತಂದಿದ್ದ ಪೂಜಾ ಪುಸ್ತಕವನ್ನು ತಿರುವಿ ನೋಡಿದೆ. ಆರಿಸಿದವರ ಪಾದ ತೊಳೆಯಬೇಕು ಎಂದಿತ್ತು, ಎಷ್ಟು ಜನ ಎಂದು ಇರಲಿಲ್ಲ. ಅದನ್ನು ಚಿಕ್ಕಮ್ಮನಿಗೆ ತೋರಿಸಿದೆ.

"ಪುಸ್ತಕದಲ್ಲಿ ಇಲ್ದಿದ್ರೆ ಏನಾಯ್ತು? ಜನ ಎಣಿಸ್ತಾರೆ," ಎಂದರು.

ಊರಿನ ಕ್ರೈಸ್ತ ಗಂಡಸರಲ್ಲಿ ಉಳಿದಿದ್ದವನು ಒಬ್ಬನೇ, ಗೌಡರ ತೋಟದ ಪಂಪ್ ನೋಡಿಕೊಳ್ಳುವವನು. ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟನ್ನು ಬೇಸಿಗೆಯಲ್ಲಿ ಪಾಳಿಯ ಮೇಲೆ ಕೊಡುತ್ತಾರೆ. ಆ ವಾರ ನಮ್ಮ ಕಡೆಯ ಪಾಳಿ ಸಂಜೆಗೆ ಬಿದ್ದಿತ್ತು. ಕರೆಂಟು ಬಂದ ಕೂಡಲೇ ಮೋಟಾರು ಹಾಕಬೇಕು. ಆಮೇಲೆ ನೀರು ಚಿಮ್ಮುವ ಜೆಟ್ಟುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಿಸುತ್ತ ಇರಬೇಕು. ಅವನು ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದ.

ಚಿಕ್ಕಮ್ಮ ಕೋಲೂರಿಕೊಂಡು ಗೌಡರ ಮನೆಗೆ ಹೊರಟರು. ನಾನೂ ಜೊತೆಗೆ ಹೋದೆ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುತ್ತಾರೆ, ಗೌಡರೂ ಹಾಗೆಯೇ.

"ಅವನನ್ನ ಕರ್ಕಂಡು ಹೋಗಿ ಎಂತ ಮಾಡ್ತೀರಿ ಬಾಯಮ್ಮ?"

ಫಾದರ್ ಅವನ ಕಾಲು ತೊಳೆಯುತ್ತಾರೆ ಎಂದು ಚಿಕ್ಕಮ್ಮ ಹೇಳಿದರು. ಗೌಡರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು.

"ಅಲ್ಲ ಮಾರಾಯ್ರೆ, ಗುರುಗಳು ಬಂದ್ರೆ ಅವರ ಪಾದ ನಾವು ತೊಳೀತೀವಿ. ನಿಮ್ಮಲ್ಲಿ ಗುರುಗಳೇ ಬಂದು ಇವನ ಕಾಲು ತೊಳೆಯೋದಾ? ಇವ ತನ್ನ ಕಾಲು ತಾನೇ ನೆಟ್ಟಗೆ ತೊಳ್ಕಳಲ್ಲ."

"ನಮ್ಮ ಸ್ವಾಮಿ ಮಾಡಿ ತೋರ್ಸಿದ್ದು ಹಾಗೆ ಗೌಡ್ರೆ."

ಗೌಡರು ನಗಲಿಲ್ಲ, ಒಪ್ಪಲೂ ಇಲ್ಲ. ಮೆಣಸಿನ ಬಳ್ಳಿ ಬಾಡುತ್ತಿದೆ, ಒಂದು ಪಾಳಿ ತಪ್ಪಿದರೂ ಕಷ್ಟ ಎಂದರು. ಕರೆಂಟು ಕೈಕೊಟ್ಟರೆ ಅವನು ನಿಮ್ಮವನು, ಬಂದರೆ ನಮ್ಮವನು ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದರು. ಗುರುವಾರ ಕರೆಂಟು ಬಾರದಿರಲಿ ಎಂದು ಚಿಕ್ಕಮ್ಮ ಪ್ರಾರ್ಥಿಸಿದರೇ ಎಂದು ನಾನು ಕೇಳಲಿಲ್ಲ.

ಆ ದಿನ ಮಧ್ಯಾಹ್ನದಿಂದಲೇ ಊರಿನ ಗಂಡಸರು ಕಾಲು ತೊಳೆಯಲು ಕೂತರು. ಅಡಿಕೆ ಚೊಗರಿನ ಕಲೆ ಹೋಗಲಿ ಎಂದು ಒಬ್ಬರು ಹುಣಸೆಹಣ್ಣು ಹಾಕಿ ಉಜ್ಜಿದರು. ಇನ್ನೊಬ್ಬರು ಒಡೆದ ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ ರಕ್ತ ಬರಿಸಿಕೊಂಡರು. ಶೆಡ್ಡಿನವರೆಗೆ ನಡೆಯುವಾಗ ಮಣ್ಣಾಗದಿರಲಿ ಎಂದು ಒಬ್ಬರು ಬಾಳಗಡಿಯ ಅಂಗಡಿಯಿಂದ ಹೊಸ ಚಪ್ಪಲಿ ತಂದಿದ್ದರು. ನಾನೂ ಉಗುರು ಕತ್ತರಿಸಿಕೊಂಡೆ. ಗುರುಗಳ ಕೈಗೆ ಕೊಳೆ ಕಾಲು ಕೊಡುವುದು ಹೇಗೆ ಎಂಬುದು ಎಲ್ಲರ ಸಂಕೋಚ.

ಫಾದರ್ ಜೀಪು ಕಣದಲ್ಲಿ ನಿಲ್ಲುವುದಕ್ಕೂ ತೋಟದ ಕಡೆ ಮೋಟಾರು ಶುರುವಾಗುವುದಕ್ಕೂ ಸರಿಹೋಯಿತು. ಆ ಸದ್ದು ಎಲ್ಲರಿಗೂ ಕೇಳಿಸಿತು. ಚಿಕ್ಕಮ್ಮ ಹನ್ನೆರಡನೆಯ ಕುರ್ಚಿಯನ್ನು ತೆಗೆಸಲಿಲ್ಲ.

ಪೂಜೆ ಶುರುವಾಯಿತು. ನಾನು ವಾಚನ ಓದಿದೆ. ಪ್ರಬೋಧನೆ ಮುಗಿಸಿ ಫಾದರ್ ಮೇಲಂಗಿ ತೆಗೆದಿಟ್ಟು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಮೊದಲನೆಯವರ ಮುಂದೆ ಮೊಣಕಾಲೂರಿದರು. ಹೂಜಿಯಿಂದ ನೀರು ಹೊಯ್ದು, ಒರೆಸಿ, ಮುಂದಿನವರ ಬಳಿಗೆ ಸರಿದರು. ನನ್ನ ಸರದಿ ಬಂದಾಗ ನೀರು ತಣ್ಣಗಿತ್ತು. ಅವರು ಜೋರಾಗಿ ಉಸಿರು ಬಿಡುತ್ತಿದ್ದುದು ಹತ್ತಿರದಿಂದ ಕೇಳಿಸಿತು. ಕೆಳಗೆ ನೋಡಿದೆ. ಹನ್ನೊಂದು ಜನರ ಕಾಲು ತೊಳೆದ ಮೇಲೂ ಬೋಗುಣಿಯ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು.

ಫಾದರ್ ಖಾಲಿ ಕುರ್ಚಿಯನ್ನು ನೋಡಿದರು. ಚಿಕ್ಕಮ್ಮ ತಲೆ ತಗ್ಗಿಸಿ ಕೂತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಪಂಪಿನವನು ಕಾಣಿಸಿಕೊಂಡ. ಮೊಣಕಾಲಿನವರೆಗೂ ಕೆಂಪು ಕೆಸರು. ತೋಟದ ಮೋಟಾರು ಇನ್ನೂ ಓಡುತ್ತಿತ್ತು. ಪಂಪ್ ಯಾರು ನೋಡುತ್ತಿದ್ದಾರೆ ಎಂದು ಬಾಗಿಲ ಹತ್ತಿರ ಇದ್ದವರು ಪಿಸುಗುಟ್ಟಿ ಕೇಳಿದರು.

"ಗೌಡ್ರು. ಜೆಟ್ ನಾನು ಬದಲಿಸ್ತೀನಿ, ನೀ ಹೋಗ್ ಮಾರಾಯ ಅಂತ ಓಡ್ಸಿದ್ರು."

ಚಿಕ್ಕಮ್ಮ ಮಂಡಿ ನೋವನ್ನು ಮರೆತು ಎದ್ದರು. ಚೊಂಬಿನಲ್ಲಿ ನೀರು ತಂದು ಅವನನ್ನು ಬಾಗಿಲಲ್ಲೇ ತಡೆದು, ಕಾಲಿಗೆ ಹೊಯ್ಯಲು ಬಗ್ಗಿದರು.

"ಅಮ್ಮ, ನೀವೇ ತೊಳೆದುಬಿಟ್ರೆ ನಾನು ಬಂದಿದ್ದು ಎಂತಕ್ಕೆ?" ಎಂದರು ಫಾದರ್.

ಚಿಕ್ಕಮ್ಮ ಚೊಂಬು ಹಿಡಿದುಕೊಂಡೇ ನಿಂತರು. ಅವನು ಕೆಂಪು ಹೆಜ್ಜೆ ಮೂಡಿಸುತ್ತ ಬಂದು ಕುರ್ಚಿಯ ತುದಿಯಲ್ಲಿ ಕೂತ. ಫಾದರ್ ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೀರು ಹೊಯ್ದರು. ಒಂದು ಸಲಕ್ಕೆ ಸಾಲಲಿಲ್ಲ. ಬೋಗುಣಿ ಚೆಲ್ಲಿ ಬೇರೆ ನೀರು ತರಿಸಿ, ಬೆರಳ ಸಂದಿಯ ಕೆಸರನ್ನು ಹೆಬ್ಬೆರಳಿನಿಂದ ಬಿಡಿಸಿದರು. ಹಾಡುವವರು ಹಾಡನ್ನು ಎರಡು ಸಲ ಮುಗಿಸಿ ಸುಮ್ಮನಾದರು. ಆಮೇಲೆ ಮೋಟಾರಿನ ಸದ್ದು ಮಾತ್ರ. ಒರೆಸಿ ಮುಗಿದಾಗ ಟವೆಲ್ ಅರ್ಧ ಕೆಂಪಾಗಿತ್ತು. ಫಾದರ್‌ಗೆ ತಾವಾಗಿ ಏಳಲು ಆಗಲಿಲ್ಲ. ಪಂಪಿನವನು ಕೈ ಕೊಟ್ಟು ಎಬ್ಬಿಸಿದ.

ಪೂಜೆಯ ಕೊನೆಗೆ ಆ ದಿನ ಪೀಠವನ್ನು ಬರಿದು ಮಾಡುವುದು ವಿಧಿ. ಫಾದರ್ ಮೇಣದಬತ್ತಿಯ ಕಂಬಗಳನ್ನು ಇಳಿಸಿದರು, ಬಟ್ಟೆ ತೆಗೆದು ಮಡಿಸಿದರು. ಕಂದು ಪೆಟ್ಟಿಗೆ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಬಿದ್ದಿತ್ತು. ಎಲ್ಲಿಯವರೆಗೆ ವಿಧಿ, ಎಲ್ಲಿಂದ ಗಂಟು ಕಟ್ಟುವ ಕೆಲಸ ಎಂದು ನಮಗೆ ತಿಳಿಯಲಿಲ್ಲ. ಪಾತ್ರೆ ಒಳಗೆ ಹೋಯಿತು, ಪುಸ್ತಕವೂ ಹೋಯಿತು. ಚಿಕ್ಕಮ್ಮ ಹತ್ತಿರ ಹೋಗಿ ಕೆಸರಾದ ಟವೆಲ್ ಎತ್ತಿಕೊಂಡರು. ಒಗೆದು ಬಸ್ಸಿನಲ್ಲಿ ಕಳಿಸುತ್ತೇನೆ ಎಂದರು.

"ಕಳಿಸೋದು ಯಾಕಮ್ಮ? ಮುಂದಿನ ತಿಂಗಳು ಎರಡನೇ ಭಾನುವಾರ ಬರ್ತೀನಲ್ಲ," ಎಂದ ಫಾದರ್, ಮಡಿಸಿದ್ದ ಪೀಠದ ಬಟ್ಟೆಯನ್ನೂ ಕಂಬಗಳನ್ನೂ ಅವರ ಕೈಗೆ ಕೊಟ್ಟು ಪೆಟ್ಟಿಗೆ ಮುಚ್ಚಿದರು.

"ನೋಡೋಣ ಅಂದಿದ್ರಿ ಫಾದರ್."

"ನೋಡಿದೆನಲ್ಲ."

ಚಿಕ್ಕಮ್ಮ ಸಂತೋಷವನ್ನೇನೂ ತೋರಿಸಿಕೊಳ್ಳಲಿಲ್ಲ. ಆ ಭಾನುವಾರ ಪೂಜೆ ಬೆಳಿಗ್ಗೆಯೋ ಸಂಜೆಯೋ ಎಂದು ಮಾತ್ರ ಕೇಳಿದರು. ಕರೆಂಟಿನ ಪಾಳಿ ಅಷ್ಟರಲ್ಲಿ ಬದಲಾಗಿರುತ್ತದೆ, ಗೌಡರಿಗೆ ಮುಂಚೆಯೇ ಹೇಳಿಡಬೇಕು ಎಂದರು.