ಮಷೀನಿಗೆ ಹಚ್ಚಿದ ಕುಂಕುಮ

ತಂಗಿಯ ಕುಬಸ ಕಾರ್ಯಕ್ಕೆ ಒಂದೇ ದಿನ ಉಳಿದಿತ್ತು. ಹೊಲಿಗೆ ಮಷೀನಿನ ಚಕ್ರ ಅರ್ಧ ಸುತ್ತಿ ನಿಂತುಬಿಟ್ಟಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಸೂಜಿ ಹಸಿರು ಬಟ್ಟೆಯಲ್ಲೇ ಸಿಕ್ಕಿಕೊಂಡಿತ್ತು. ಸಂಜೆಯ ರೈಲಿಗೆ ನಾನು ವಾಡಿಯಿಂದ ಸೇಡಂಗೆ ಹೊರಡಬೇಕು. ಬಸುರಿಗೆ ಹಸಿರು ಕುಬಸ, ಅಂದರೆ ರವಿಕೆ, ತೊಡಿಸಿ ಉಡಿ ತುಂಬುವುದು ತವರಿನವರ ಕೆಲಸ. ಅವ್ವ ಹೋದ ಮೇಲೆ ಅವಳಿಗೆ ತವರು ಅಂದರೆ ನಾನೊಬ್ಬಳೇ.

ಆ ತವರಿಗೂ ಅವಳಿಗೂ ಐದು ತಿಂಗಳಿಂದ ಮಾತಿರಲಿಲ್ಲ. ಕಾರಣ ಇದೇ ಮಷೀನು.

ನಮ್ಮ ತವರೂರು ದಂಡೋತಿಯಲ್ಲಿ ಅವ್ವ ಓಣಿಯ ಹೆಂಗಸರ ಕುಬಸಗಳನ್ನೆಲ್ಲ ಇದರಲ್ಲೇ ಹೊಲಿದಳು. ಅವಳು ಹೋದ ಮೇಲೆ ತಂಗಿ, ತನ್ನ ಎರಡು ಕೋಣೆಯ ಮನೆಯಲ್ಲಿ ಜಾಗವಿಲ್ಲವೆಂದು, ನನ್ನ ಕಡೆ ಕಳಿಸಿದಳು. ಒಂದು ವರ್ಷ ಚೆನ್ನಾಗಿ ಓಡಿತು. ಆಮೇಲೆ ಬಿಗಿಯಾಗತೊಡಗಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಫೋನ್ ಹಚ್ಚಿ ಬೈದೆ.

"ಕುಸುಬಿ ಎಣ್ಣಿ ಹಾಕಿ ಅವ್ವನ ಮಷೀನ್ ಕೆಡಿಸಿ ಕಳಿಸೀದಿ ನೀ. ಅಡಗಿ ಎಣ್ಣಿ ಹಾಕಿದ್ರ ಅಂಟಾಗ್ತದಂತ ಗೊತ್ತಿಲ್ಲೇನು ನಿನಗ?"

ಅವಳು ಕೇಳಿದಳು. "ಶುಕ್ರವಾರ ಮಷೀನಿಗೆ ಎಲಿ ಇಟ್ಟು ಕುಂಕುಮ ಹಚ್ಚಲಿಕತ್ತಿಯೋ ಇಲ್ಲೋ, ಅಕ್ಕಾ?"

"ಪೂಜಿ ಮಾಡೂದು ನಿನ್ನ ಕಡಿಂದ ಕಲೀಬೇಕೇನು ನಾ?" ಅಂದವಳೇ ಫೋನ್ ಕಟ್ ಮಾಡಿದೆ.

ಅವಳು ಬಸುರಿ ಅನ್ನುವ ಸುದ್ದಿಯೂ ನನಗೆ ಅವಳ ಗಂಡನಿಂದಲೇ ತಿಳಿಯಿತು. ಹೋದ ವಾರ ಅವನೇ ಬಂದು ಅಳತೆಗೊಂದು ಹಳೆಯ ಕುಬಸ ಕೊಟ್ಟ. "ಅವ್ವನ ಮಷೀನಿನ್ಯಾಗೇ ಹೊಲೀಬೇಕಂತ್ರಿ ಅಕ್ಕಾರ. ಮತ್ತೇನೂ ಹೇಳಿಲ್ರಿ" ಅಂದ. ಆ ಒಂದು ಮಾತಿಗೆ ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಈಗ ಕುಂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬಾಗಿಲಿಗೆ ಹೋಗಿ ಬಂದೆ. ಗಡಿಯಾರ ನೋಡಿದೆ, ಹತ್ತೂವರೆ. ನೀರು ಕುಡಿದು ಮತ್ತೆ ಗಡಿಯಾರ ನೋಡಿದೆ. ಶಹಾಬಾದಿಗೆ ಕೆಲಸಕ್ಕೆ ಹೊರಟಿದ್ದ ಗಂಡ ಚಪ್ಪಲಿ ಮೆಟ್ಟುತ್ತ ಅಂದ, "ಬಜಾರದಾಗ ಟೇಲರ್ ಕಡಿ ಕೊಡು, ಎರಡು ತಾಸಿನ್ಯಾಗ ಹೊಲದು ಕೊಡ್ತಾನ. ಯಾವ ಮಷೀನಿನ್ಯಾಗ ಹೊಲದದ್ದಂತ ಕುಬಸದ ಮ್ಯಾಲ ಬರದಿರ್ತದೇನು?"

ಅವನ ಮಾತು ಸುಳ್ಳಲ್ಲ. ಬಟ್ಟೆ ಬಿಡಿಸಿ ಚೀಲಕ್ಕೆ ಹಾಕಿಯೂ ಹಾಕಿದೆ. ಆದರೆ ತಂಗಿಯ ಎದುರು ನಿಂತು ಸುಳ್ಳು ಹೇಳುವುದು ನನ್ನಿಂದಾಗದು. ಬಟ್ಟೆ ತೆಗೆದು ಮಡಚಿಟ್ಟೆ. "ನೀವು ನಿಮ್ಮ ಕೆಲಸಕ್ಕ ಹೋಗ್ರಿ" ಅಂದೆ.

ಬೆಲ್ಟ್ ಕಳಚಿದೆ. ಸೂಜಿ, ಬಾಬಿನ್ ತೆಗೆದಿಟ್ಟೆ. ಸೂಜಿಯ ಕೆಳಗಿನ ತಟ್ಟೆ ಬಿಚ್ಚಿದರೆ ಅಲ್ಲಿ ನೂಲಿನ ಜೂಲು ತುಂಬಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆದೆ. ಚಕ್ರ ಅಲುಗಲಿಲ್ಲ. ಧೂಳು ಕೂತಿರಬೇಕು ಅಂದುಕೊಂಡೆ. ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಧೂಳಿಗೆ ಬೆಳಿಗ್ಗೆ ಒರೆಸಿದ ಮೇಜು ಸಂಜೆಗೆ ಮತ್ತೆ ಬೆಳ್ಳಗಾಗಿರುತ್ತದೆ. ಧೂಳಲ್ಲದಿದ್ದರೆ ತಂಗಿಯ ಕುಸುಬಿ ಎಣ್ಣೆ. ತಪ್ಪು ಹೊರಲು ನನಗೆ ಯಾರಾದರೂ ಬೇಕಲ್ಲ.

ಕೊನೆಗೆ ಮೇಲಿನ ಎಣ್ಣೆ ತೂತುಗಳಿಗೆ ಹೇರ್‌ಪಿನ್ ತೂರಿಸಿದೆ. ಮೊದಲನೆಯದರಿಂದ ಕಪ್ಪು ಜಿಡ್ಡು ಬಂತು. ಎರಡನೆಯದರಲ್ಲಿ ಪಿನ್ನು ಇಳಿಯಲೇ ಇಲ್ಲ. ಕೆದಕಿದಾಗ ಮೇಲೆದ್ದು ಬಂದದ್ದು ಕೆಂಪಗಿತ್ತು. ಎಣ್ಣೆಯಲ್ಲಿ ಕಲಸಿ ಗಟ್ಟಿಯಾದ ಕುಂಕುಮ. ಬೆರಳಲ್ಲಿ ತಿಕ್ಕಿದೆ, ಮೂಸಿದೆ. ನಾನೇ ಹಚ್ಚಿದ್ದು.

ಶುಕ್ರವಾರ ಬಂದರೆ ಅವ್ವ ಮಷೀನಿನ ನೆತ್ತಿಯ ಮೇಲೆ, ಇದೇ ಜಾಗದಲ್ಲಿ, ಮೊದಲು ಒಂದು ವೀಳ್ಯದೆಲೆ ಇಟ್ಟು ಆ ಎಲೆಗೆ ಕುಂಕುಮ ಹಚ್ಚುತ್ತಿದ್ದಳು. ಪೂಜೆ ಮುಗಿದ ಮೇಲೆ ಎಲೆ ಸಮೇತ ಎತ್ತಿ ಗಿಡದ ಬುಡಕ್ಕೆ ಹಾಕುತ್ತಿದ್ದಳು. ಎಲೆ ತೂತು ಮುಚ್ಚಲಿಕ್ಕೆ ಅಂತ ತಿಳಿಯದೆ, ಬರೀ ಚೆಂದಕ್ಕೆ ಅಂದುಕೊಂಡಿದ್ದೆ. ವಾರವಾರ ಎಲೆ ತರುವುದು ಯಾರಿಂದಾದೀತು ಅಂತ ಬಿಟ್ಟು, ಕುಂಕುಮ ಮಾತ್ರ ತಪ್ಪದೆ ಹಚ್ಚುತ್ತ ಬಂದೆ. ಅವ್ವನ ಜೊತೆ ಮಷೀನಿನ ಮಗ್ಗುಲಲ್ಲಿ ಕೂತವಳು ತಂಗಿ. ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ಅವಳು ಕೇಳಿದ್ದು ಅದನ್ನೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಬಿಟ್ಟು ಒಡಹುಟ್ಟಿದವಳನ್ನೇ ಡೊಂಕು ಅಂದಿದ್ದೆ.

ಪಕ್ಕದ ಮನೆಯಿಂದ ಒಂದು ಬಟ್ಟಲು ಸೀಮೆಎಣ್ಣೆ ತಂದು ತೂತುಗಳಿಗೆ ಹನಿ ಹನಿ ಬಿಟ್ಟೆ. ಅದು ನೆನೆಯುವವರೆಗೆ ಕಾಯಬೇಕು. ಕಾಯುವುದು ನನ್ನ ಜಾಯಮಾನವಲ್ಲ. ಐದು ನಿಮಿಷಕ್ಕೊಮ್ಮೆ ಚಕ್ರ ಜಗ್ಗಿದೆ. ಫೋನಿನಲ್ಲಿ ತಂಗಿಯ ನಂಬರ್ ತೆಗೆದೆ, ಕೆಳಗಿಟ್ಟೆ, ಮತ್ತೆ ತೆಗೆದೆ. ಹನ್ನೆರಡಾಯಿತು, ಒಂದಾಯಿತು. ಒಂದೂವರೆಗೆ ಚಕ್ರ ಕಿರ್ರೆಂದು ಅಲುಗಿತು, ಕೆಂಪು ನೀರು ಕೆಳಗಿಳಿಯಿತು. ಒರೆಸಿ, ಮಷೀನ್ ಎಣ್ಣೆ ಬಿಟ್ಟು, ದಾರವಿಲ್ಲದೆ ಓಡಿಸಿದೆ. ಆಮೇಲೆ ಚಿಂದಿ ಬಟ್ಟೆಗಳ ಮೇಲೆ, ಎಣ್ಣೆಯ ಕಲೆ ಬೀಳುವುದು ನಿಲ್ಲುವವರೆಗೆ ಹೊಲಿದೆ. ನಿಂತಿತು ಅನ್ನಿಸಿದಾಗ ಹಸಿರು ಬಟ್ಟೆ ಇಟ್ಟೆ. ಅವಸರಕ್ಕೆ ಹಾಗನ್ನಿಸಿತ್ತು. ಕಂಕುಳ ಒಳಹೊಲಿಗೆಯಲ್ಲಿ ಸಾಸಿವೆಯಷ್ಟು ಕೆಂಪು ಜಿಡ್ಡು ಹತ್ತಿತು. ಬಿಚ್ಚಿ ಹೊಲಿಯಲು ಹೊತ್ತಿರಲಿಲ್ಲ.

ಮರುದಿನ ಸೇಡಂನಲ್ಲಿ, ತೊಡುವ ಮೊದಲು ತಂಗಿ ಒಳಕೋಣೆಯಲ್ಲಿ ಕುಬಸವನ್ನು ತಿರುವಿ ನೋಡಿದಳು. ಅವ್ವನ ಹಾಗೆ ಅವಳೂ ಒಳಹೊಲಿಗೆಯನ್ನೇ ಮೊದಲು ನೋಡುವವಳು. ಕಲೆಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಚಿತ್ತಾಪುರ ದಾಟುವಾಗ ರೈಲಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಮರೆತುಹೋದವು.

"ಕುಂಕುಮ ಅದು" ಅಂದೆ. "ಎಲಿ ಇಡಲಾರದೇ ಹಚ್ಚೀನಿ. ನಿನ್ನ ಎಣ್ಣಿ ಅಲ್ಲ. ತಪ್ಪು ನಂದು."

ಅವಳು ತೋಳು ಮುಂದೆ ಚಾಚಿದಳು. ನಾನು ತೊಡಿಸಿದೆ. ಹುಕ್ಕು ಹಾಕಿದೆ.

ಉಡಿ ತುಂಬಿ, ಆರತಿ ಬೆಳಗಿ, ಊಟ ಮುಗಿದು ನಾನು ಹೊರಡುವ ಹೊತ್ತಾಯಿತು. ಅವಳು ತಟ್ಟೆಯಲ್ಲಿ ಉಳಿದ ವೀಳ್ಯದೆಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದಳು.

"ನಾಳಿ ಶುಕ್ರವಾರ ಅದ, ಅಕ್ಕಾ" ಅಂದಳು.