ಸೂಪರ್‌ವೈಸರ್ ಮನೆಯ ಫಾರ್ಮು

ನನಗೆ ಎಷ್ಟು ಮಕ್ಕಳು ಎಂಬುದು ಹೋದ ಭಾನುವಾರದವರೆಗೆ ನನಗೇ ಗೊತ್ತಿರಲಿಲ್ಲ. ನಗಬೇಡಿ. ಮೊದಲು ನಾನೂ ನಕ್ಕೆ.

ಮೂರು ವಾರದ ಹಿಂದೆ ಈ ಪತ್ರಿಕೆಯ ಇದೇ ಜಾಗದಲ್ಲಿ ಲೋಕದ ಜನಸಂಖ್ಯೆಯ ಬಗ್ಗೆ ಬರೆದಿದ್ದೆನಲ್ಲ, ನೆನಪಿದೆಯೇ? ಇಡೀ ಲೋಕದ ತಲೆಗಳನ್ನು ಯಾರೂ ಒಂದೊಂದಾಗಿ ಎಣಿಸಿಕೊಂಡು ಕೂರುವುದಿಲ್ಲ. ಅಲ್ಲೊಂದು ಹಳ್ಳಿ, ಇಲ್ಲೊಂದು ಗಲ್ಲಿ ಆರಿಸಿಕೊಂಡು ಹೆಂಗಸರನ್ನು ಕೇಳುತ್ತಾರೆ. ಎಷ್ಟು ಹೆತ್ತಿರಿ? ಎಷ್ಟು ಉಳಿದವು? ಕೊನೆಯದು ಯಾವಾಗ? ಆ ಉತ್ತರಗಳ ಮೇಲೆ ದೇಶದ ಅಂದಾಜು, ದೇಶಗಳನ್ನು ಕೂಡಿಸಿ ಲೋಕದ ಅಂದಾಜು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿದರೆ ಸಾಕು ಎಂದು ಬೇರೆ ಬರೆದಿದ್ದೆ. ಇಲ್ಲಿ ಔರಂಗಾಬಾದಿನಲ್ಲಿ ನಾನು ದಿನಾ ಕಾಫಿ ಕುಡಿಯುವ ಹೋಟೆಲಿನ ಶೆಟ್ಟರು ಗಲ್ಲೆಯಿಂದ ಎದ್ದು ಬಂದು, "ಭಾರೀ ಬರ್ದಿದ್ದೀರಿ ಮಾರಾಯ್ರೇ" ಎಂದರು. ಉಬ್ಬಿಹೋದೆ. (ಗಣಿತದ ಮಾಸ್ತರನನ್ನು ಹೊಗಳುವವರು ಎಷ್ಟು ಮಂದಿ ಸಿಗುತ್ತಾರೆ, ನೀವೇ ಹೇಳಿ.)

ಅಂಥದೇ ಒಂದು ಸರ್ವೆಗೆ ಈ ವರ್ಷ ಸರಕಾರ ನನ್ನನ್ನು ಸೂಪರ್‌ವೈಸರ್ ಮಾಡಿದೆ. ನನ್ನ ಕೈಕೆಳಗೆ ನಮ್ಮದೇ ಶಾಲೆಯ ಶಿಂದೆ ಮಾಸ್ತರರು. ಮನೆ ಮನೆಗೆ ಹೋಗಿ ಫಾರ್ಮು ತುಂಬುವುದು ಅವರ ಕೆಲಸ, ತಪ್ಪು ಹುಡುಕುವುದು ನನ್ನದು. ನನಗೆ ಹೇಳಿ ಮಾಡಿಸಿದ ಕೆಲಸ!

ಸಿಲ್ಲೋಡ್ ಕಡೆಯ ಒಂದು ಹಳ್ಳಿಯಲ್ಲಿ ಶಿಂದೆ ಸಿಕ್ಕಿಬಿದ್ದರು. ಹೆಂಗಸು ಹತ್ತಿ ಬಿಡಿಸಲು ಹೋಗಿದ್ದಳಂತೆ, ಅವಳ ಗಂಡನನ್ನು ಕೇಳಿ ಬರೆದುಕೊಂಡಿದ್ದರು. ಊರ ಮಂದಿಯ ಎದುರೇ ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. "ಗಂಡಸರನ್ನ ಕೇಳಬ್ಯಾಡ್ರಿ ಅಂತ ಎಷ್ಟು ಸಲ ಹೇಳೀನಿ? ಊಟಕ್ಕ ಕುಂತಾಗ ಎದುರಿಗೆ ಕಂಡಷ್ಟೇ ಮಕ್ಕಳು ಅವರ ಲೆಕ್ಕದಾಗ!" ಎಂದು ಮರಾಠಿಯಲ್ಲಿ ರೇಗಿದ್ದು ಇಷ್ಟು. ಸಂಜೆಗೆ ಆ ಹೆಂಗಸು ಬಂದಳು, ಕೇಳಿದೆವು. ಗಂಡ ಹೇಳಿದ್ದಕ್ಕಿಂತ ಎರಡು ಹೆಚ್ಚು. ಎರಡೂ ಈಗಿಲ್ಲ.

ಈ ಸಂಗತಿಯನ್ನೇ ನಾಶಿಕದ ಟ್ರೇನಿಂಗಿನಲ್ಲಿ ಬೋರ್ಡಿನ ಮುಂದೆ ನಿಂತು ಭಾಷಣ ಮಾಡಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತದೆ. ಅಲ್ಲಿಯೇ ಕೂಸು ಹೋದರೆ ತವರಿನವರು "ಅದು ಅವರ ಮನೆಯದು" ಎನ್ನುತ್ತಾರೆ, ಗಂಡನ ಮನೆಯವರು "ನಮ್ಮಲ್ಲಿ ಹುಟ್ಟಿಲ್ಲ" ಎನ್ನುತ್ತಾರೆ. ಎರಡೂ ಮನೆಯ ಲೆಕ್ಕದಿಂದ ಅದು ಜಾರಿಹೋಗುತ್ತದೆ. ಆದ್ದರಿಂದ ಮೊದಲ ಹೆರಿಗೆ ಎಲ್ಲಾಯಿತು ಎಂದು ಕೇಳಿ, ಹೆಂಗಸನ್ನೇ ಕೇಳಿ! ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನಾಶಿಕದ ಸುಲಭಾತಾಯಿ ಎಂಬ ಹಿರಿಯ ಶಿಕ್ಷಕಿ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡರು.

ಆಮೇಲೆ ಏನಾಯಿತು ಎಂದರೆ, ನಮ್ಮ ಗಲ್ಲಿಯೇ ಸರ್ವೆಗೆ ಆಯ್ಕೆಯಾಯಿತು. ಸೂಪರ್‌ವೈಸರ್ ಮನೆಗೆ ಹೋಗಿ ಅವರ ಹೆಂಡತಿಯನ್ನು ಇಂಥ ಪ್ರಶ್ನೆ ಕೇಳುವುದು ಹೇಗೆ? ಶಿಂದೆ ಸಂಕೋಚಪಟ್ಟು ಫಾರ್ಮನ್ನು ಶಾಲೆಗೇ ತಂದರು. "ತನ್ನಿ ಇಲ್ಲಿ, ನಮ್ಮ ಮನೆಯದು ನನಗೆ ಗೊತ್ತಿಲ್ಲವೇ?" ಎಂದೆ. ಹುಟ್ಟಿದವರು ನಾಲ್ಕು. ಇರುವವರು ನಾಲ್ಕು. ತೀರಿಕೊಂಡವರು ಎಂಬಲ್ಲಿ ಒಂದು ಅಡ್ಡಗೆರೆ. ಬೆಲ್ ಹೊಡೆಯುವುದರೊಳಗೆ ಮುಗಿಯಿತು.

ಭಾನುವಾರ ಬೆಳಿಗ್ಗೆ ಮರುತಪಾಸಣೆಗೆ ಬಂದವರು ಅದೇ ಸುಲಭಾತಾಯಿ. ನಾಶಿಕದವರು ಇಲ್ಲಿನದನ್ನು, ಇಲ್ಲಿನವರು ನಾಶಿಕದ್ದನ್ನು ಮತ್ತೊಮ್ಮೆ ಕೇಳಿ ನೋಡಬೇಕೆಂಬುದು ನಿಯಮ. ನನ್ನ ಹೆಂಡತಿ ಮಹಾದೇವಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡೆ, ಸುಲಭಾತಾಯಿ ನನ್ನ ಪಾಠವನ್ನು ಸರಿಯಾಗಿ ಕಲಿತಿದ್ದಾರೆಯೇ ನೋಡೋಣ ಎಂದು.

"ವಹಿನಿ, ಪಹಿಲಂ ಬಾಳಂತಪಣ ಮಾಹೇರೀ ಝಾಲಂ ಕಾ?" ಎಂದರು. ಚೊಚ್ಚಲ ಹೆರಿಗೆ ತವರಿನಲ್ಲಾಯಿತೇ, ನಾನೇ ಕಲಿಸಿದ ಪ್ರಶ್ನೆ.

ಮೊರ ನಿಂತಿತು. "ಹೋ," ಹೌದು, ಎಂದಳು ಮಹಾದೇವಿ. ಒಟ್ಟು ಎಷ್ಟು ಎಂದು ಕೇಳಿದ್ದಕ್ಕೆ, "ಪಾಚ್."

ಐದು! ನಾನು ನಕ್ಕು ಕನ್ನಡದಲ್ಲಿ ಹೇಳಿದೆ. "ಏನಂತೀ ನೀ? ನಾಕಲ್ಲೇನು?"

"ನಿಮಗ ನಾಕ್ ರೀ. ನನಗ ಐದು."

ಆಗ ನೆನಪಾಯಿತು. ನೆನಪೇ ಇರಲಿಲ್ಲ ಎಂದಲ್ಲ, ಅದು ಮಗು ಎಂಬ ಲೆಕ್ಕದಲ್ಲಿ ನೆನಪಿರಲಿಲ್ಲ. ಮದುವೆಯಾದ ಮರುವರ್ಷ ಆಕೆ ಭಾಲ್ಕಿಗೆ, ತವರಿಗೆ ಹೋಗಿದ್ದಳು. ನಾನು ಇಲ್ಲಿ ಹೊಸ ನೌಕರಿಯಲ್ಲಿದ್ದೆ. ಮಾವನವರ ಕಾರ್ಡು ಬಂತು, ಮೂಲೆ ಹರಿದದ್ದು. ಹೆರಿಗೆಯಾಯಿತು, ಕೂಸು ಉಳಿಯಲಿಲ್ಲ, ಬಾಳಂತಿ ಆರಾಮ ಇದ್ದಾಳೆ, ಶಾಲೆ ಬಿಟ್ಟು ಗಡಿಬಿಡಿ ಮಾಡಬೇಡಿರಿ. ನಾನು ಮಾಡಲಿಲ್ಲ. ಪರೀಕ್ಷೆಯ ಪೇಪರುಗಳಿದ್ದವು. ಎರಡು ತಿಂಗಳ ಮೇಲೆ ಹೋಗಿ ಕರೆದುಕೊಂಡು ಬಂದೆ. ದಾರಿಯುದ್ದಕ್ಕೂ ಹೊಸ ಬಾಡಿಗೆ ಮನೆಯಲ್ಲಿ ನಲ್ಲಿ ಇದೆ ಎಂದು ಹೇಳುತ್ತಿದ್ದೆ.

ಸುಲಭಾತಾಯಿ ಫಾರ್ಮಿನಲ್ಲಿ ನನ್ನ ನಾಲ್ಕನ್ನು ಹೊಡೆದು ಐದು ಬರೆದರು. ಆಮೇಲೆ ಮರ್ಯಾದೆಗೆಂದೋ ಏನೋ, ನನ್ನತ್ತ ತಿರುಗಿ ಕೇಳಿದರು, ಅದು ಗಂಡೋ ಹೆಣ್ಣೋ?

"ಮುಲಗಾ," ಎಂದುಬಿಟ್ಟೆ. ಗಂಡು.

ಯಾಕೆ ಹಾಗೆಂದೆ? ಕಾರ್ಡಿನಲ್ಲಿ ಬರೀ ಕೂಸು ಎಂದಿತ್ತು. ನಾನು ಯಾರನ್ನೂ ಕೇಳಿರಲಿಲ್ಲ. ಆದರೆ "ಗೊತ್ತಿಲ್ಲ" ಎನ್ನುವ ಅಭ್ಯಾಸ ಮಾಸ್ತರರಿಗೆ ಇರುವುದಿಲ್ಲ ನೋಡಿ.

"ಹೆಣ್ಣು," ಎಂದಳು ಮಹಾದೇವಿ, ಜೋಳದತ್ತಲೇ ನೋಡುತ್ತ. "ಒಂಬತ್ತು ದಿನ ಇದ್ದಳು. ತೊಟ್ಟಿಲಿಗೆ ಹಾಕೋದು ಆಗಿದ್ದಿಲ್ಲ, ಹೆಸರಿಲ್ಲ."

ಬಾಗಿಲಲ್ಲಿ ನಿಂತಿದ್ದ ನಮ್ಮ ಕಿರಿಯ ಮಗಳು, "ಆಯೀ, ಮಲಾ ಮೋಠೀ ಬಹೀಣ ಹೋತೀ?" ಎಂದಳು. ನನಗೆ ಅಕ್ಕ ಇದ್ದಳೇ ಎಂದು ಕೇಳಿದ್ದು ತಾಯಿಯನ್ನು. ನನ್ನನ್ನು ಅವಳು ಕೇಳಲಿಲ್ಲ. ಅಪ್ಪನನ್ನು ಕೇಳಿ ಉಪಯೋಗವಿಲ್ಲ ಎಂದು ಅಷ್ಟರಲ್ಲಿ ಗೊತ್ತಾಗಿರಬೇಕು.

ನಾಚಿಕೆಯಾಯಿತು ಎಂದು ಬರೆದರೆ ಸಾಲದು. ಸುಲಭಾತಾಯಿಯವರ ಮುಖ ನೋಡಲಾಗದೆ ಚಪ್ಪಲಿ ಹುಡುಕುವ ನೆಪದಲ್ಲಿ ಬಗ್ಗಿ ನಿಂತೆ. ಬಂದ ನೆಂಟರಿಗೆಲ್ಲ ನಮ್ಮ ದೊಡ್ಡ ಮಗನನ್ನು ತೋರಿಸಿ "ಇವ ನಮ್ಮ ಚೊಚ್ಚಲ" ಎನ್ನುತ್ತಿದ್ದೆ. ಪ್ರತಿಸಲವೂ ಮಹಾದೇವಿ ಚಹಾ ತರುವ ನೆಪದಲ್ಲಿ ಒಳಗೆ ಎದ್ದು ಹೋಗುತ್ತಿದ್ದಳು. ಚಹಾ ಚೆನ್ನಾಗಿರುತ್ತಿತ್ತು, ನಾನು ಕುಡಿಯುತ್ತಿದ್ದೆ.

ಸುಲಭಾತಾಯಿ ಹೋದ ಮೇಲೆ ಮಹಾದೇವಿಯನ್ನು ಕೇಳಿದೆ. "ಇಷ್ಟು ವರ್ಷ ಯಾಕ ಹೇಳಲಿಲ್ಲ ನೀ?"

"ನೀವು ಕೇಳಲಿಲ್ರಿ. ಆ ಟೀಚರು ಕೇಳಿದರು, ಹೇಳಿದೆ." ಮತ್ತೆ ಮೊರ ಎತ್ತಿಕೊಂಡಳು.

ಮರುದಿನ ಶಿಂದೆ ಮಾಸ್ತರರ ಕ್ಷಮೆ ಕೇಳಿದೆ. ಅವರ ಹೆಸರಿನ ಫಾರ್ಮನ್ನು ತುಂಬಿದವನು ನಾನು ಎಂದು ಆಫೀಸಿಗೂ ಬರೆದುಕೊಟ್ಟಿದ್ದೇನೆ. ಸಿಲ್ಲೋಡಿನಲ್ಲಿ ನಾನು ರೇಗಿದ್ದನ್ನು ಅವರು ನೆನಪಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ಹೆಂಡತಿಯ ಕ್ಷಮೆ ಕೇಳಲು ಮಾತ್ರ ಇನ್ನೂ ಬಾಯಿ ಬಂದಿಲ್ಲ. ಅದಕ್ಕೇ ಇಲ್ಲಿ, ನಿಮ್ಮೆಲ್ಲರ ಎದುರು ಬರೆಯುತ್ತಿದ್ದೇನೆ. ಈ ವಾರಪತ್ರಿಕೆಯನ್ನು ಅವಳು ನನಗಿಂತ ಮೊದಲೇ ಓದುತ್ತಾಳೆ. ಲೋಕದ ಅಂದಾಜಿನಲ್ಲಿ ಒಂದು ಹೆಚ್ಚಾದರೇನು, ಕಡಿಮೆಯಾದರೇನು ಎಂದು ನೀವು ಅನ್ನಬಹುದು. ಆದರೆ ಹಿಸುಕಿ ನೋಡುವ ಅಗುಳು ನಮ್ಮಂಥ ಗಂಡಸರ ಮನೆಯದೇ ಅಲ್ಲವೇ?

ಇರಲಿ, ನಿಮಗೆ ಮಕ್ಕಳೆಷ್ಟು? ಉತ್ತರ ಹೇಳುವ ಮೊದಲು ಒಮ್ಮೆ ಒಳಗೆ ಹೋಗಿ ಕೇಳಿಕೊಂಡು ಬನ್ನಿ.